ಎಪಿಡ್ಯೂರಲ್ ಇಲ್ಲದೆ, ಔಷಧಿಯಿಂದ ಬರಿಸಿದ ಹೆರಿಗೆ ನೋವನ್ನು ತಾಳಿಕೊಳ್ಳುವ ಬಗೆ

ದಿನ ತುಂಬಿ ಮುಂದೆ ಹೋದಾಗ, ರಕ್ತದೊತ್ತಡ ಏರಿದಾಗ ಅಥವಾ ಮಗುವಿನ ಸುತ್ತಲಿನ ನೀರು ಹೋದ ಮೇಲೂ ನೋವು ಶುರುವಾಗದಿದ್ದಾಗ ವೈದ್ಯರು ಔಷಧಿ ಕೊಟ್ಟು ನೋವು ಬರಿಸುತ್ತಾರೆ. ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಇಂಜೆಕ್ಷನ್‌ಗೆ ಅರಿವಳಿಕೆ ತಜ್ಞರು ಬೇಕು. ಅವರು ಎಲ್ಲ ಆಸ್ಪತ್ರೆಗಳಲ್ಲೂ ಎಲ್ಲ ಹೊತ್ತಿನಲ್ಲೂ ಇರುವುದಿಲ್ಲ. ಆದ್ದರಿಂದ ನೋವು ಕಡಿಮೆ ಮಾಡಲು ಅಲ್ಲಿ ಬೇರೆ ಯಾವ ಇಂಜೆಕ್ಷನ್ ಇದೆ ಎಂಬುದನ್ನು ದಾಖಲಾಗುವ ಮೊದಲೇ ಕೇಳಿ ತಿಳಿದುಕೊಳ್ಳಿ.

ಕೊಡಗಿನವರಿಗೆ ಹೀಗೆ ನೋವು ಬರಿಸುವುದರಲ್ಲಿ ಒಂದು ಅನುಕೂಲವೂ ಇದೆ: ಹಲವು ಬಾರಿ ದಿನ ಮೊದಲೇ ಗೊತ್ತಿರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು, ಬರೆ (ರಸ್ತೆ ಬದಿಯ ಮಣ್ಣಿನ ದಿಬ್ಬ) ಕುಸಿದು ರಸ್ತೆ ಮುಚ್ಚುವುದು ನಮಗೆ ಹೊಸದಲ್ಲವಾದ್ದರಿಂದ ಭಾಗಮಂಡಲ, ಶಾಂತಳ್ಳಿ ಕಡೆಯವರು ಹಿಂದಿನ ದಿನ ಹಗಲಿನಲ್ಲೇ ಆಸ್ಪತ್ರೆ ಸೇರಿಕೊಳ್ಳುವುದು ಒಳ್ಳೆಯದು. ಕಾಲುಚೀಲ, ಸ್ವೆಟರ್, ಬಿಸಿನೀರಿನ ಚೀಲ ಜೊತೆಗಿರಲಿ. ಚಳಿಗೆ ಮೈ ಬಿಗಿದುಕೊಂಡರೆ ನೋವು ಹೆಚ್ಚು ಅನ್ನಿಸುತ್ತದೆ.

ಮೊದಲು ಜೆಲ್ ಅಥವಾ ಮಾತ್ರೆಯಿಂದ ಗರ್ಭಕಂಠವನ್ನು, ಅಂದರೆ ಗರ್ಭಕೋಶದ ಬಾಯಿಯನ್ನು, ಮೆತ್ತಗಾಗಿಸುತ್ತಾರೆ. ಚೊಚ್ಚಲ ಹೆರಿಗೆಯಲ್ಲಿ ಇದಕ್ಕೇ ಒಂದು ಇಡೀ ದಿನ ಹಿಡಿಯಬಹುದು. ಈ ಹೊತ್ತಿನಲ್ಲಿ ನಿದ್ದೆ ಮಾಡಿ, ನರ್ಸ್ ಒಪ್ಪಿದರೆ ಗಂಜಿ ಕುಡಿಯಿರಿ, ಶಕ್ತಿ ಉಳಿಸಿಕೊಳ್ಳಿ. ಗರ್ಭಕಂಠ 5 ಸೆಂಟಿಮೀಟರ್ ತೆರೆದ ಮೇಲೆಯೇ ಹೆರಿಗೆ ಚುರುಕಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೂ ಮೊದಲು "ಇನ್ನೂ ಎರಡೇ" ಎಂದರೆ ಎದೆಗುಂದಬೇಡಿ.

ನೋವು ಬರಿಸುವ ಔಷಧಿಯಾದ ಆಕ್ಸಿಟೋಸಿನ್‌ನ ಡ್ರಿಪ್ ಶುರುವಾದ ಮೇಲಿನ ನೋವು ತಾನಾಗಿ ಬರುವ ನೋವಿನಂತೆ ನಿಧಾನವಾಗಿ ಬೆಳೆಯದೆ, ಬೇಗ ಬಿರುಸಾಗಬಹುದು. ತಾಳಿಕೊಳ್ಳುವ ಕೆಲಸದ ಅರ್ಧಪಾಲು ಇರುವುದು ಎರಡು ನೋವುಗಳ ನಡುವಿನ ಬಿಡುವಿನಲ್ಲಿ ಎಂಬುದು ನನ್ನ ದೃಢ ನಂಬಿಕೆ. ನನ್ನ ತಂಗಿಗೆ ನೋವು ಬರಿಸಿದ ರಾತ್ರಿ ನಮ್ಮ ಚಿಕ್ಕಮ್ಮ ಹೆಚ್ಚು ಮಾತನಾಡಲಿಲ್ಲ. ನೋವು ಏರುವಾಗ ಅಂಗೈಯ ಬುಡವನ್ನು ಅವಳ ಸೊಂಟದ ಕೆಳಗಿನ ಮೂಳೆಯ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದರು, ಇಳಿದ ಕೂಡಲೇ ಕೈ ತೆಗೆದು ಎರಡು ಗುಟುಕು ನೀರು ಕುಡಿಸಿ, ಬಿಗಿದ ಅವಳ ಮುಷ್ಟಿಯನ್ನು ಬೆರಳು ಬೆರಳಾಗಿ ಬಿಡಿಸುತ್ತಿದ್ದರು. ಹೀಗೆ ಸದಾ ಪಕ್ಕದಲ್ಲಿರುವ ಒಬ್ಬರಿದ್ದರೆ ನೋವು ತಗ್ಗಿಸುವ ಔಷಧಿಯ ಅಗತ್ಯವೇ ಕಡಿಮೆಯಾಗುತ್ತದೆಂದು ಅಧ್ಯಯನಗಳು ತೋರಿಸಿವೆ. ಜೊತೆಗೆ ಒಬ್ಬ ಹೆಂಗಸನ್ನು ಬಿಡುತ್ತಾರೆಯೇ ಎಂದು ಮೊದಲೇ ಕೇಳಿ.

ಉಸಿರನ್ನು ಮೂಗಿನಿಂದ ಎಳೆದು, ಬಾಯಿಂದ ಅದಕ್ಕಿಂತ ನಿಧಾನವಾಗಿ ಬಿಡಿ, ದವಡೆ ಸಡಿಲವಾಗಿರಲಿ. ನರಳುವುದರಲ್ಲಿ ನಾಚಿಕೆಯಿಲ್ಲ. ಅಂಗಾತ ಮಲಗಬೇಡಿ: ಎಡಮಗ್ಗುಲಿಗೆ ತಿರುಗಿ, ಇಲ್ಲವೇ ಮಂಚ ಹಿಡಿದು ಮುಂದಕ್ಕೆ ಬಾಗಿ ನಿಲ್ಲಿ. ಡ್ರಿಪ್ ಇದ್ದರೂ ಸ್ಟ್ಯಾಂಡ್ ಪಕ್ಕದಲ್ಲೇ ನಿಲ್ಲಬಹುದೇ ಎಂದು ಕೇಳಿ.

ಹತ್ತು ನಿಮಿಷದಲ್ಲಿ 5ಕ್ಕಿಂತ ಹೆಚ್ಚು ನೋವು ಬಂದರೆ ಅಥವಾ ಬಿಡುವೇ ಸಿಗದಿದ್ದರೆ ನರ್ಸ್‌ಗೆ ತಕ್ಷಣ ಹೇಳಿ; ಡ್ರಿಪ್ಪನ್ನು ಇಳಿಸಲು, ನಿಲ್ಲಿಸಲು ಅವರಿಗೆ ಸಾಧ್ಯವಿದೆ. ರಕ್ತಸ್ರಾವ, ಹಸಿರು ಬಣ್ಣದ ನೀರು, ಮಗುವಿನ ಚಲನೆ ಕಡಿಮೆಯಾಗುವುದು, ಇವುಗಳನ್ನೂ ತಡಮಾಡದೆ ತಿಳಿಸಿ. ತಾಳಲಾಗದೆ ಇಂಜೆಕ್ಷನ್ ಕೇಳಿದರೆ ಅದು ಸೋಲಲ್ಲ.

ಕೊನೆಯಲ್ಲಿ ಮೈ ನಡುಗಿ, ವಾಂತಿಯಾಗಿ, "ನನ್ನಿಂದ ಆಗುವುದಿಲ್ಲ" ಎಂಬ ಮಾತು ಬರುವುದುಂಟು. ಅನೇಕರಿಗೆ ಅದು ಹೆರಿಗೆ ಹತ್ತಿರವಾದ ಹೊತ್ತು. ಮಲವಿಸರ್ಜನೆಗೆ ಬಂದಂತೆ ಕೆಳಗೆ ಒತ್ತಡವೆನಿಸಿದರೆ ನೀವಾಗಿಯೇ ಮುಕ್ಕಿ ಕೆಳಕ್ಕೆ ತಳ್ಳಬೇಡಿ. ನರ್ಸನ್ನು ಕೂಗಿ ಕರೆಯಿರಿ, ಅವರು ಪರೀಕ್ಷಿಸಿ ಹೇಳುವವರೆಗೆ ಸಣ್ಣ ಸಣ್ಣ ಉಸಿರು ಬಿಡುತ್ತಿರಿ.