ಅಂಬಾಸಿಡರ್ ಬ್ರೇಕ್ ಪೈಪ್ ಸೋರೋದು ನಿಂತಿದ್ದು ಹೀಗೆ

ಅಪ್ಪನ ಕಾಲದ ಅಂಬಾಸಿಡರ್‌ಗೆ ಬ್ರೇಕ್ ಪೈಪುಗಳನ್ನೆಲ್ಲ ನಾನೇ ಹೊಸದಾಗಿ ಹಾಕಿದ್ದೆ. ಆಯಿಲ್ ತುಂಬಿಸಿ ಪೆಡಲ್ ಒತ್ತಿದರೆ ಹಿಂದಿನ ಜಾಯಿಂಟ್‌ನಲ್ಲಿ ತೊಟ್ಟಿಕ್ಕುತ್ತಿತ್ತು. ಇನ್ನಷ್ಟು ಬಿಗಿ ಮಾಡಿದೆ. ಸೋರೋದು ನಿಲ್ಲಲಿಲ್ಲ, ನಟ್ಟಿನ ಮೂಲೆ ಸವೆದಿದ್ದಷ್ಟೇ ಲಾಭ.

ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ ಅಂದರು ಪಕ್ಕದ ಮನೆಯವರು. ಅದು ನಲ್ಲಿಗೆ ಸರಿ, ಬ್ರೇಕಿಗಲ್ಲ. ಇಲ್ಲಿ ಸೋರಿಕೆ ತಡೆಯೋದು ಥ್ರೆಡ್ ಅಲ್ಲ, ಪೈಪಿನ ಅರಳಿಸಿದ ಬಾಯಿ, ಅಂದರೆ ಫ್ಲೇರ್. ಅದು ಜಾಯಿಂಟಿನೊಳಗೆ ತಾನು ಕೂರೋ ಜಾಗಕ್ಕೆ, ಅಂದರೆ ಸೀಟಿಗೆ, ಸುತ್ತಲೂ ಸಮನಾಗಿ ಒತ್ತಿ ಕೂರಬೇಕು. ಟೇಪಿನ ಚೂರು ಲೈನಿನೊಳಗೆ ಹೋದರೆ ಇನ್ನೊಂದು ತಲೆನೋವು.

ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ತಪ್ಪು ನನ್ನದೇ. ಹ್ಯಾಕ್ಸಾದಲ್ಲಿ ಕೊಯ್ದಿದ್ದರಿಂದ ತುದಿ ಓರೆಯಾಗಿತ್ತು, ಫ್ಲೇರ್‌ನ ಒಂದು ಕಡೆ ಸಣ್ಣ ಬಿರುಕು. ಪೈಪ್ ಕಟರ್ ತಂದು ನೇರವಾಗಿ ಕತ್ತರಿಸಿ, ಒಳಗಿನ ಚೂಪು ಅಂಚು ಉಜ್ಜಿದೆ. ಫ್ಲೇರ್ ಮಾಡೋ ಮೊದಲೇ ನಟ್ಟನ್ನು ಪೈಪಿಗೆ ತೂರಿಸಬೇಕು. ಇದನ್ನು ಮರೆತು ಒಂದು ಒಳ್ಳೆ ಫ್ಲೇರ್ ಕತ್ತರಿಸಿ ಬಿಸಾಡಿದೆ! ಹೊಸ ತುದಿಯನ್ನು ಹಳೇ ಪೈಪಿನ ತುದಿ ಜೊತೆ ಹೋಲಿಸಿ ನೋಡಿದೆ. ಬಬಲ್ ಫ್ಲೇರ್ (ಗುಳ್ಳೆಯಂತೆ ಉಬ್ಬಿದ ತುದಿ) ಕೂರೋ ಜಾಗಕ್ಕೆ ಡಬಲ್ ಫ್ಲೇರ್ (ಒಳಕ್ಕೆ ಮಡಚಿ ಎರಡು ಪದರ ಮಾಡಿದ ತುದಿ) ಹಾಕಿದರೆ ಎಷ್ಟು ಬಿಗಿದರೂ ಸೋರುತ್ತೆ.

ನಟ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ, ಕೊನೆಗೆ ನಟ್ಟನ್ನು ಹೆಚ್ಚುಕಡಿಮೆ ಸುತ್ತಲೂ ಹಿಡಿಯೋ ಫ್ಲೇರ್ ನಟ್ ಸ್ಪ್ಯಾನರ್ ಹಾಕಿದೆ. ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳೋ ಮಾಸ್ಟರ್ ಸಿಲಿಂಡರ್‌ನಿಂದ ದೂರದ ಚಕ್ರದಿಂದ ಶುರುಮಾಡಿ ಬ್ರೇಕ್ ಲೈನಿನೊಳಗಿನ ಗಾಳಿ ತೆಗೆದೆ. ಬ್ರೇಕ್ ಆಯಿಲ್ ಬಣ್ಣ ತಿನ್ನುತ್ತೆ, ಚೆಲ್ಲಿದ ಕಡೆ ತಕ್ಷಣ ನೀರು ಸುರಿದೆ.

ಹೆಂಡತಿ ಪೆಡಲ್ ಜೋರಾಗಿ ಒತ್ತಿ ಹಿಡಿದಳು, ನಾನು ಕೆಳಗೆ ಮಲಗಿ ನೋಡಿದೆ. ಜಾಯಿಂಟಿಗೆ ಟಿಶ್ಯೂ ಸುತ್ತಿಟ್ಟೆ. ಬೆಳಿಗ್ಗೆ ನೋಡಿದರೆ ಒಣಕಲು.