ಚಮಚ ಯಾವಾಗ ಕೆಳಗಿಡಬೇಕು? ಊಟ ಬೇಡವೆನ್ನುವ ಮಗುವಿಗೆ ಉಣಿಸುವ ಕ್ರಮ

ಮಗು ತುಟಿ ಬಿಗಿಹಿಡಿದು ಮುಖ ತಿರುಗಿಸಿದಾಗ ಚಮಚವೂ ಅದರ ಬಾಯಿಯ ಬೆನ್ನುಹತ್ತಿ ಹೋಗುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ತಾಜಾ ತರಕಾರಿಯನ್ನು ಹದವಾಗಿ ಬೇಯಿಸಿ, ಕಿವುಚಿ, ಆರಿಸಿ ತಂದ ತಂದೆತಾಯಿಯರೇ ಆ ಒಂದು ಕ್ಷಣದಲ್ಲಿ ಗಲಿಬಿಲಿಗೊಳ್ಳುತ್ತಾರೆ. ಗಲ್ಲ ಒತ್ತಿ ತುತ್ತು ತುರುಕುತ್ತಾರೆ, ಇಲ್ಲವೇ ಕೈಗೆ ಮೊಬೈಲ್ ಕೊಡುತ್ತಾರೆ, ಕೊನೆಗೆ ಏನಾದರೂ ಹೊಟ್ಟೆಗೆ ಹೋಗಲಿ ಎಂದು ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಾರೆ. ಅವರ ಪ್ರೀತಿಯಲ್ಲಿ ಕೊರತೆಯಿಲ್ಲ, ಉಣಿಸುವ ಕ್ರಮವನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಆ ಕ್ರಮವನ್ನು ಮೊದಲಿನಿಂದ ಇಲ್ಲಿ ಹೇಳಿದ್ದೇನೆ.

1. ಆರಂಭದ ಹೊತ್ತು

ಮಗುವಿಗೆ 6 ತಿಂಗಳು ತುಂಬುವವರೆಗೆ ಎದೆಹಾಲೊಂದೇ ಸಾಕು, ಅನಂತರ ಪೂರಕ ಆಹಾರ ಆರಂಭಿಸಿ 2 ವರ್ಷದವರೆಗೆ ಅಥವಾ ಅದಕ್ಕೂ ಮುಂದೆ ಎದೆಹಾಲನ್ನು ಜೊತೆಗೆ ಉಳಿಸಿಕೊಳ್ಳಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಷ್ಟರಲ್ಲಿ ಮಗುವಿನ ಕತ್ತು ಚೆನ್ನಾಗಿ ನಿಂತಿರಬೇಕು, ಆಸರೆ ಕೊಟ್ಟರೆ ಕೂರುವಂತಿರಬೇಕು, ಬಾಯಿಗಿಟ್ಟದ್ದನ್ನೆಲ್ಲ ನಾಲಿಗೆಯಿಂದ ಹೊರದಬ್ಬುವುದು ಕಡಿಮೆಯಾಗಿರಬೇಕು. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಆರಂಭದ ಹೊತ್ತನ್ನು ವೈದ್ಯರೊಂದಿಗೆ ನಿರ್ಧರಿಸಿ. ರಾತ್ರಿ ಹೆಚ್ಚು ಹೊತ್ತು ಮಲಗಲೆಂದು ಬಾಟಲಿಯ ಹಾಲಿಗೆ ಹಿಟ್ಟು ಬೆರೆಸುವ ಅಡ್ಡದಾರಿಯನ್ನು ಯಾರು ಹೇಳಿದರೂ ಹಿಡಿಯಬೇಡಿ.

2. ಮೊದಲ ತುತ್ತುಗಳು

ಹುಟ್ಟುವಾಗ ಮಗು ಜೊತೆಗೆ ತಂದ ಕಬ್ಬಿಣಾಂಶದ ದಾಸ್ತಾನು ಸುಮಾರು 6 ತಿಂಗಳ ಹೊತ್ತಿಗೆ ಬರಿದಾಗತೊಡಗುತ್ತದೆ, ಎದೆಹಾಲಿನಲ್ಲಿಯೂ ಅದು ಅತ್ಯಲ್ಪ. ಆದ್ದರಿಂದ ಮೊದಲ ವಾರಗಳಿಂದಲೇ ಚೆನ್ನಾಗಿ ಬೆಂದ ಬೇಳೆಕಾಳು, ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಮಾಂಸ ತಿನ್ನುವ ಮನೆಯಾದರೆ ನುಣ್ಣಗೆ ಅರೆದ ಮಾಂಸ, ಇವುಗಳಲ್ಲಿ ಒಂದಾದರೂ ಪ್ರತಿದಿನ ತಟ್ಟೆಯಲ್ಲಿರಬೇಕು. ಕಾಳಿನ ಜೊತೆ ಟೊಮೆಟೊ ಅಥವಾ ಕಿತ್ತಳೆಯಂಥ ಸಿ ಜೀವಸತ್ವವುಳ್ಳದ್ದು ಇದ್ದರೆ ದೇಹ ಕಬ್ಬಿಣಾಂಶವನ್ನು ಹೆಚ್ಚು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಗಂಜಿಯ ತಿಳಿ ಮತ್ತು ಹಣ್ಣಿನ ರಸದಲ್ಲೇ ನಿಂತುಬಿಡುವುದು ನಾನು ಕಂಡ ಅತಿ ಸಾಮಾನ್ಯವಾದ ತಪ್ಪು. ಚಮಚವನ್ನು ಓರೆ ಮಾಡಿದರೂ ಜಾರಿ ಬೀಳದಷ್ಟು ಗಟ್ಟಿಯಾಗಿರುವುದೇ ಸರಿಯಾದ ಹದ. ನೀರಾದ ಆಹಾರ ಮಗುವಿನ ಪುಟ್ಟ ಹೊಟ್ಟೆಯನ್ನು ತುಂಬಿಸುತ್ತದೆಯೇ ಹೊರತು ಪೋಷಿಸುವುದಿಲ್ಲ.

ಎರಡು ಮೂರು ಚಮಚದಿಂದ ಆರಂಭಿಸಿ, 8 ತಿಂಗಳೊಳಗೆ ದಿನಕ್ಕೆ 2ರಿಂದ 3 ಊಟ, ಪ್ರತಿ ಊಟಕ್ಕೆ 250 ಮಿಲಿಲೀಟರ್ ಬಟ್ಟಲಿನ ಅರ್ಧದಷ್ಟು ಎಂಬ ಅಳತೆಗೆ ಬನ್ನಿ. 9 ತಿಂಗಳ ನಂತರ ಊಟ 3ರಿಂದ 4 ಆಗಲಿ. ಇವು ಅಂದಾಜಿನ ಅಳತೆಗಳು, ಮುಗಿಸಲೇಬೇಕಾದ ಪಾಲುಗಳಲ್ಲ.

ಅಲರ್ಜಿಯ ಭಯದಿಂದ ಮೊಟ್ಟೆ ಮತ್ತು ಶೇಂಗಾವನ್ನು ಎರಡು ಮೂರು ವರ್ಷ ಮುಂದೂಡುವ ಹಳೆಯ ಸಲಹೆ ಈಗ ಬದಲಾಗಿದೆ. ಅಲರ್ಜಿಯ ಸಾಧ್ಯತೆ ಹೆಚ್ಚಿದ್ದ 640 ಶಿಶುಗಳನ್ನು ಐದು ವರ್ಷ ತುಂಬುವವರೆಗೆ ಗಮನಿಸಿ 2015ರಲ್ಲಿ ಬ್ರಿಟನ್ನಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ವರ್ಷದಲ್ಲೇ ಶೇಂಗಾ ತಿನ್ನಲಾರಂಭಿಸಿದ ಮಕ್ಕಳಲ್ಲಿ ಶೇಂಗಾ ಅಲರ್ಜಿ ಶೇ 80ರಷ್ಟು ಕಡಿಮೆಯಿತ್ತು. ಇಡೀ ಬೀಜವನ್ನು ಎಂದಿಗೂ ಕೊಡಬಾರದು, ನುಣ್ಣಗೆ ಅರೆದು ತೆಳ್ಳಗೆ ಮಾಡಿ ಬೇರೆ ಆಹಾರದಲ್ಲಿ ಬೆರೆಸಬೇಕು. ಮಗುವಿಗೆ ತೀವ್ರವಾದ ಇಸುಬು ಅಥವಾ ಮೊದಲೇ ಯಾವುದಾದರೂ ಅಲರ್ಜಿ ಇದ್ದರೆ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

3. ಮಿಕ್ಸಿಯಿಂದ ಬಿಡುಗಡೆ

ಏಳನೆಯ ತಿಂಗಳಿಗೆ ಮಿಕ್ಸಿಯನ್ನು ಬದಿಗಿಟ್ಟು ಕೈಯಿಂದಲೋ ಫೋರ್ಕಿನಿಂದಲೋ ಕಿವುಚಿ, ಎಂಟು ಒಂಬತ್ತನೆಯ ತಿಂಗಳಲ್ಲಿ ಮೆತ್ತನೆಯ ತುಂಡುಗಳನ್ನು ಮಗುವಿನ ಕೈಗೇ ಕೊಡಿ. 9 ತಿಂಗಳು ದಾಟಿದರೂ ಬರೀ ನುಣುಪಾದದ್ದನ್ನೇ ತಿಂದ ಮಕ್ಕಳಲ್ಲಿ ಮುಂದೆ ಊಟದ ತಕರಾರು ಹೆಚ್ಚೆಂದು ಸಂಶೋಧಕರು ಗುರುತಿಸಿದ್ದಾರೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿದರೆ ತುಂಡು ಅಪ್ಪಚ್ಚಿಯಾಗಬೇಕು, ಅಷ್ಟೇ ಪರೀಕ್ಷೆ.

ಇಲ್ಲಿ ಹಿರಿಯರು ಹೆದರುವುದು ಓಕರಿಕೆಗೆ. ಓಕರಿಸುವ ಮಗು ಸದ್ದು ಮಾಡುತ್ತದೆ, ಕೆಮ್ಮುತ್ತದೆ, ತುಂಡನ್ನು ತಾನೇ ಮುಂದಕ್ಕೆ ತರುತ್ತದೆ. ಇದು ಕಲಿಕೆಯ ಭಾಗ, ಪಕ್ಕದಲ್ಲಿ ಕೂತು ಸಮಾಧಾನದಿಂದ ನೋಡುತ್ತಿರಿ. ಸದ್ದೇ ಇಲ್ಲದೆ, ಅಳಲೂ ಕೆಮ್ಮಲೂ ಆಗದೆ ಮುಖ ನೀಲಿಗಟ್ಟಿದರೆ ಅದು ಉಸಿರುಗಟ್ಟುವಿಕೆ, ತಕ್ಷಣ ನೆರವು ಬೇಕು. ಅದಕ್ಕೆ ಮಾಡಬೇಕಾದ ಪ್ರಥಮ ಚಿಕಿತ್ಸೆಯನ್ನು ತುಂಡು ಆಹಾರ ಆರಂಭಿಸುವ ಮೊದಲೇ ಕಲಿತಿರಿ. ಇಡೀ ದ್ರಾಕ್ಷಿ, ಇಡೀ ಬೀಜಗಳು, ಹಸಿ ಕ್ಯಾರೆಟ್ ತುಂಡು, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ ಬೇಡ. ದ್ರಾಕ್ಷಿಯನ್ನು ಉದ್ದುದ್ದಕ್ಕೆ ನಾಲ್ಕಾಗಿ ಸೀಳಿ ಕೊಡಿ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪವನ್ನು ನಾಲಿಗೆಗೆ ಸವರುವುದೂ ಬೇಡ, ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಶಿಶುಗಳಲ್ಲಿ ಬೊಟುಲಿಸಂ ಎಂಬ ಮಾರಕ ಕಾಯಿಲೆ ತರಬಲ್ಲವು. ಉಪ್ಪು, ಸಕ್ಕರೆ ಹಾಕುವ ಮೊದಲೇ ಮಗುವಿನ ಪಾಲನ್ನು ಬೇರೆ ತೆಗೆದಿಡಿ.

4. ‘ಬೇಡ’ದ ಕಾಲ

ಎಲ್ಲವನ್ನೂ ತಿನ್ನುತ್ತಿದ್ದ ಮಗು ಒಂದೂವರೆ ವರ್ಷದ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ತಟ್ಟೆ ತಳ್ಳತೊಡಗುತ್ತದೆ. ಇದಕ್ಕೆ ಎರಡು ಕಾರಣಗಳಿವೆ. ಮೊದಲ ವರ್ಷದಲ್ಲಿ ತೂಕ ಮೂರು ಪಟ್ಟಾಗುತ್ತದೆ, 3 ಕಿಲೋ ಇದ್ದದ್ದು 9 ಕಿಲೋ ಆಗುತ್ತದೆ. ಎರಡನೆಯ ವರ್ಷದಲ್ಲಿ ಏರುವುದು ಎರಡು ಎರಡೂವರೆ ಕಿಲೋ ಮಾತ್ರ. ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುವುದು ಸಹಜ. ಎರಡನೆಯದು, ನಡೆಯಲು ಕಲಿತ ಮಗುವಿಗೆ ಗುರುತಿಲ್ಲದ ಆಹಾರದ ಬಗ್ಗೆ ಹುಟ್ಟುವ ಅಂಜಿಕೆ. ಕಹಿಯನ್ನು ಹಿಂಜರಿಯುವುದು ಹುಟ್ಟಿನಿಂದಲೇ ಬಂದಿರುವುದರಿಂದ ಸೊಪ್ಪು ತರಕಾರಿಗಳೇ ಮೊದಲು ಪೆಟ್ಟು ತಿನ್ನುತ್ತವೆ.

ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಉಣಿಸುವ ಕೆಲಸವನ್ನು ಇಬ್ಬರಿಗೆ ಹಂಚಿದ್ದಾರೆ: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ನಿರ್ಧಾರ, ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನದು. ಈ ಗೆರೆಯನ್ನು ಎರಡೂ ಕಡೆಯಿಂದ ದಾಟುವುದನ್ನೇ ನಾನು ಕಂಡಿದ್ದೇನೆ. ಎಷ್ಟು ತಿನ್ನಬೇಕೆಂದು ತಾಯಿ ಹಟ ಹಿಡಿಯುತ್ತಾಳೆ, ಏನು ಬೇಕೆಂದು ಮಗು ರಚ್ಚೆ ಹಿಡಿಯುತ್ತದೆ.

ಮೊದಲು ಹೊತ್ತುಗಳನ್ನು ಗೊತ್ತುಮಾಡಿ. ಊಟ ತಿಂಡಿಗಳ ನಡುವೆ ಎರಡೂವರೆಯಿಂದ ಮೂರು ಗಂಟೆಯ ಅಂತರವಿರಲಿ, ಆ ನಡುವೆ ನೀರು ಬಿಟ್ಟು ಬೇರೇನೂ ಬೇಡ. ನಡುವೆ ಕೊಟ್ಟ ಒಂದು ಬಿಸ್ಕತ್ತು, ಅರ್ಧ ಲೋಟ ಹಾಲು ಇಡೀ ಊಟವನ್ನು ನುಂಗಿಬಿಡುತ್ತದೆ. ಮಗುವನ್ನು ಕಾಲಿಗೆ ಆಸರೆಯಿರುವಂತೆ ಕೂರಿಸಿ, ನೀವೂ ಅದೇ ಊಟವನ್ನು ಅದರೆದುರು ತಿನ್ನಿ. ಮಗು ಖಂಡಿತ ತಿನ್ನುವ ಒಂದು ಪದಾರ್ಥ ತಟ್ಟೆಯಲ್ಲಿರಲಿ, ಅದರ ಪಕ್ಕದಲ್ಲಿ ಹೊಸದರ ಒಂದೇ ಒಂದು ಚಿಕ್ಕ ತುಂಡಿಡಿ. ತುಂಡಿನ ಬಗ್ಗೆ ಮಾತೇ ಆಡಬೇಡಿ. ‘ಒಂದೇ ತುತ್ತು ಕಣೋ’ ಎಂಬ ಓಲೈಕೆಯೂ ಒತ್ತಾಯವೇ. ಮುಖ ತಿರುಗಿಸಿದರೆ ಚಮಚವನ್ನು ತಟ್ಟೆಯಲ್ಲಿಟ್ಟು ನಿಮ್ಮ ಊಟ ಮುಂದುವರಿಸಿ. ಇಪ್ಪತ್ತರಿಂದ ಮೂವತ್ತು ನಿಮಿಷವಾದ ಮೇಲೆ ಬೈಯದೆ ತಟ್ಟೆ ತೆಗೆಯಿರಿ, ಬದಲಿ ಅಡುಗೆ ಮಾಡಬೇಡಿ, ಮುಂದಿನ ಹೊತ್ತಿಗೆ ಸರಿಯಾಗಿ ಮತ್ತೆ ಬಡಿಸಿ.

ಹೊಸ ರುಚಿ ಒಗ್ಗಲು ಎಂಟರಿಂದ ಹದಿನೈದು ಬಾರಿ ಬೇಕಾಗಬಹುದು, ಕೆಲವೊಮ್ಮೆ ಇನ್ನೂ ಹೆಚ್ಚು. ನಮ್ಮಲ್ಲಿ ಹೆಚ್ಚಿನವರು ಮೂರು ನಾಲ್ಕು ಬಾರಿಗೇ ‘ನಮ್ಮ ಮಗುವಿಗೆ ಅದು ಸೇರುವುದಿಲ್ಲ’ ಎಂದು ತೀರ್ಮಾನಿಸಿಬಿಡುತ್ತೇವೆ. ನನ್ನ ತಂಗಿಯ ಮಗಳಿಗೆ ಇಪ್ಪತ್ತು ತಿಂಗಳಾಗಿದ್ದಾಗ ಬೇಯಿಸಿದ ಕ್ಯಾರೆಟ್ಟಿನ ಬೆರಳಗಲದ ತುಂಡೊಂದನ್ನು ದಿನವೂ ತಟ್ಟೆಯ ಅಂಚಿಗೆ ಇಡುತ್ತಿದ್ದೆವು. ಮೊದಲ ನಾಲ್ಕು ದಿನ ಅದು ನೆಲಕ್ಕೆ ಬಿತ್ತು. ಐದನೆಯ ದಿನ ಅವಳು ಅದನ್ನು ಬೆರಳಿನಿಂದ ಒತ್ತಿ, ಬೆರಳಿಗಂಟಿದ ಬಣ್ಣವನ್ನು ಬಹಳ ಹೊತ್ತು ನೋಡಿದಳು. ಎಂಟನೆಯ ದಿನ ನೆಕ್ಕಿ, ಮುಖ ಹಿಂಡಿ, ತುಂಡನ್ನು ಅಮ್ಮನ ಬಾಯಿಗಿಟ್ಟಳು. ಹನ್ನೊಂದನೆಯ ದಿನ ಕಚ್ಚಿ ಉಗುಳಿದಳು, ಉಗುಳಿದ್ದನ್ನೇ ಎತ್ತಿ ತಿಂದಳು. ಅಷ್ಟೂ ದಿನ ತಂಗಿ ಒಂದು ಮಾತನ್ನೂ ಆಡಲಿಲ್ಲ, ಅದೇ ಅವಳು ಮಾಡಿದ ಕಷ್ಟದ ಕೆಲಸ. ಮುಟ್ಟುವುದು, ಮೂಸುವುದು, ನೆಕ್ಕುವುದು, ಉಗುಳುವುದು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

‘ತರಕಾರಿ ತಿಂದರೆ ಚಾಕೊಲೇಟ್’ ಎಂಬ ಲಂಚ ಬೇಡವೇ ಬೇಡ. ಅದರಿಂದ ತರಕಾರಿ ಶಿಕ್ಷೆಯೆಂದೂ ಚಾಕೊಲೇಟ್ ಬಹುಮಾನವೆಂದೂ ಮಗುವಿಗೆ ಮನದಟ್ಟಾಗುತ್ತದೆ. ಮೊಬೈಲ್ ತೋರಿಸಿ ಉಣಿಸಿದರೆ ತುತ್ತುಗಳು ಒಳಗೆ ಹೋಗುತ್ತವೆ, ಆದರೆ ಹೊಟ್ಟೆ ತುಂಬಿತೆಂಬ ಸೂಚನೆಯನ್ನು ಗಮನಿಸುವ ಅಭ್ಯಾಸ ತಪ್ಪುತ್ತದೆ. ತರಕಾರಿಯನ್ನು ಅರೆದು ಹಿಟ್ಟಿನಲ್ಲಿ ಬಚ್ಚಿಡುವ ಉಪಾಯಕ್ಕೆ ನನ್ನ ವಿರೋಧವಿಲ್ಲ, ಆದರೆ ಕಣ್ಣಿಗೆ ಕಾಣುವ ತುಂಡು ತಟ್ಟೆಯಲ್ಲಿ ಇರಲೇಬೇಕು, ಬಚ್ಚಿಟ್ಟದ್ದರಿಂದ ಮಗು ಏನನ್ನೂ ಕಲಿಯುವುದಿಲ್ಲ.

5. ಹಸಿವು ಕದಿಯುವ ವಸ್ತುಗಳು

ಒಂದು ವರ್ಷದ ನಂತರ ಪ್ರಾಣಿಹಾಲು ದಿನಕ್ಕೆ ಸುಮಾರು ಅರ್ಧ ಲೀಟರ್ ಮೀರದಿರಲಿ, ಮೀರಿದರೆ ಹಸಿವೂ ಇಂಗುತ್ತದೆ, ಕಬ್ಬಿಣಾಂಶದ ಕೊರತೆಯೂ ಕಾಡುತ್ತದೆ. ಹಣ್ಣಿನ ರಸ ಒಂದು ವರ್ಷದೊಳಗೆ ಬೇಡ, ಅನಂತರವೂ ಹಣ್ಣೇ ಮೇಲು. ಮೂತಿಯಿಂದ ಹೀರುವ ಪೊಟ್ಟಣದ ಹಣ್ಣು ತಿರುಳನ್ನು ಪ್ರಯಾಣದಲ್ಲಿ ಒಮ್ಮೆ ಕೊಟ್ಟರೆ ಅಡ್ಡಿಯಿಲ್ಲ, ಆದರೆ ದಿನನಿತ್ಯದ ಊಟವಾದರೆ ಮಗು ಅಗಿಯುವುದನ್ನೇ ಕಲಿಯುವುದಿಲ್ಲ. ಒಂದು ವರ್ಷ ದಾಟಿದ ಮಕ್ಕಳ ಬೆಳವಣಿಗೆಗೆಂದು ಮಾರುವ ಹಾಲಿನ ಪುಡಿಗಳು ಅನಗತ್ಯವೆಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಡಬ್ಬಿಯ ಮುಂಭಾಗದ ಚಿತ್ರ ನೋಡದೆ ಹಿಂಭಾಗದ ಪಟ್ಟಿ ಓದಿ, ಸಕ್ಕರೆ ಅಥವಾ ಮಾಲ್ಟೊಡೆಕ್ಸ್‌ಟ್ರಿನ್ (ಪಿಷ್ಟದಿಂದ ತಯಾರಿಸಿದ, ಸಕ್ಕರೆಯಂತೆಯೇ ಬೇಗ ಜೀರ್ಣವಾಗುವ ಪುಡಿ) ಮೊದಲ ಮೂರು ಹೆಸರುಗಳಲ್ಲಿದ್ದರೆ ಕೆಳಗಿಡಿ.

6. ವೈದ್ಯರಲ್ಲಿಗೆ

ಒಂದು ದಿನದ ಊಟವನ್ನು ಅಳೆಯಬೇಡಿ, ಒಂದು ವಾರದ್ದನ್ನು ಒಟ್ಟಾಗಿ ನೋಡಿ. ಆದರೆ ತೂಕ ಏರದೆ ನಿಂತರೆ ಅಥವಾ ಇಳಿದರೆ, ನುಂಗುವಾಗ ಪದೇ ಪದೇ ಕೆಮ್ಮು ಅಥವಾ ವಾಂತಿ ಬಂದರೆ, ಒಗ್ಗಿದ್ದ ಆಹಾರಗಳನ್ನೂ ಒಂದೊಂದಾಗಿ ಬಿಡುತ್ತ ಬಂದರೆ ಕಾಯಬೇಡಿ. ಹೋಗುವ ಮುನ್ನ ಮೂರು ದಿನ ಮಗು ತಿಂದದ್ದನ್ನೂ ಕುಡಿದದ್ದನ್ನೂ ಹೊತ್ತಿನ ಸಮೇತ ಬರೆದಿಡಿ. ರಾತ್ರಿಯ ಬಾಟಲಿ, ಅಜ್ಜಿ ಕೊಟ್ಟ ಬಿಸ್ಕತ್ತು, ನಡುವಿನ ಎರಡು ಗುಟುಕು ರಸ ಎಲ್ಲವೂ ಆ ಚೀಟಿಯಲ್ಲಿರಲಿ.