ಯುದ್ಧಕಾಲದ ಜೀಪನ್ನು ಮೂಲರೂಪಕ್ಕೆ ತಂದದ್ದು: ನನ್ನ ಅನುಭವ

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆಗಳು ನಮ್ಮ ದೇಶದಲ್ಲಿ ಬಿಟ್ಟುಹೋದ ವಾಹನಗಳು ಹರಾಜಿನಲ್ಲಿ ಬಿಕರಿಯಾದವು. ಅವುಗಳಲ್ಲಿದ್ದ ಜೀಪುಗಳು ಕೈಯಿಂದ ಕೈಗೆ ದಾಟಿ ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳನ್ನೂ ಸೇರಿದವು. ತೋಟದ ಹಿರಿಯರು ಅವನ್ನು ಡಿಸ್ಪೋಸಲ್ ಜೀಪು ಎನ್ನುತ್ತಿದ್ದರು. ಮೂಡಿಗೆರೆ ಕಡೆಯ ತೋಟವೊಂದರಲ್ಲಿ ಗೊಬ್ಬರ ಸಾಗಿಸುತ್ತಿದ್ದು, ಕೊನೆಗೆ ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿ ನಿಂತುಹೋಗಿದ್ದ ಅಂಥದ್ದೊಂದು ಜೀಪನ್ನು ನಾನು ಕೊಂಡು, ಅದು ಕಾರ್ಖಾನೆಯಿಂದ ಹೊರಬಂದಾಗ ಹೇಗಿತ್ತೋ ಸಾಧ್ಯವಾದಷ್ಟು ಹಾಗೆಯೇ ಓಡುವಂತೆ ಮಾಡಿದೆ. ಹಳೆಯ ಜೀಪು ಅಲುಗುತ್ತದೆ, ಬಿಸಿಯಾಗುತ್ತದೆ, ಸ್ಟಾರ್ಟ್ ಆಗುವುದಿಲ್ಲ ಎಂದು ಜನ ಹೇಳುವ ದೋಷಗಳಲ್ಲಿ ಬಹುಪಾಲು ಜೀಪಿನ ದೋಷಗಳಲ್ಲ, ನಂತರದ ದಶಕಗಳಲ್ಲಿ ಅದಕ್ಕೆ ಮಾಡಿದ ಮಾರ್ಪಾಡುಗಳ ದೋಷಗಳು ಎಂಬುದು ಈ ಕೆಲಸದಿಂದ ನನಗೆ ದೃಢವಾದ ಅಭಿಪ್ರಾಯ.

ಪಾನಾ ಹಿಡಿಯುವ ಮೊದಲು, ಎದುರಿಗಿರುವುದು ಯಾವ ವಾಹನವೆಂದು ಗುರುತಿಸಬೇಕು. 1941ರಿಂದ 1945ರವರೆಗೆ ಈ ಜೀಪನ್ನು ವಿಲ್ಲಿಸ್ ಕಂಪನಿ ಎಂಬಿ ಎಂಬ ಹೆಸರಿನಲ್ಲೂ, ಅದೇ ವಿನ್ಯಾಸವನ್ನು ಫೋರ್ಡ್ ಕಂಪನಿ ಜಿಪಿಡಬ್ಲ್ಯು ಎಂಬ ಹೆಸರಿನಲ್ಲೂ ತಯಾರಿಸಿದವು. ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು. ಬಿಡಿಭಾಗಗಳು ಪರಸ್ಪರ ಹೊಂದಬೇಕೆಂಬುದು ಸೇನೆಯ ಷರತ್ತಾಗಿದ್ದುದರಿಂದ ದೂರದಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ. ರೇಡಿಯೇಟರಿನ ಕೆಳಗೆ, ವಾಹನದ ಉಕ್ಕಿನ ಚೌಕಟ್ಟಾದ ಷಾಸಿಯ ಎರಡು ಬದಿಗಳನ್ನು ಜೋಡಿಸುವ ಮುಂದಿನ ಅಡ್ಡತೊಲೆಯನ್ನು ಕೈಯಿಂದ ಸವರಿ ನೋಡಿದರೆ ತಿಳಿಯುತ್ತದೆ: ದುಂಡನೆಯ ಕೊಳವೆಯಾದರೆ ವಿಲ್ಲಿಸ್, ಬೋರಲು ಹಾಕಿದ ಚಾನೆಲ್ ಆಕಾರವಾದರೆ ಫೋರ್ಡ್. ಫೋರ್ಡ್ ತನ್ನ ಬೋಲ್ಟುಗಳ ತಲೆಯ ಮೇಲೂ ತನ್ನ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರವನ್ನು ಒತ್ತುತ್ತಿತ್ತು. ನನ್ನದು ಫೋರ್ಡ್ ಷಾಸಿ. ಕೆಲವು ಬೋಲ್ಟುಗಳು ಮಾತ್ರ ಎಂಬತ್ತು ವರ್ಷ ಕಳೆದರೂ ಆ ಅಕ್ಷರ ಹೊತ್ತುಕೊಂಡೇ ಇದ್ದವು. ಅವನ್ನು ಬದಲಾಯಿಸದೆ, ತುಕ್ಕು ತೆಗೆದು, ಎಳೆ ಸರಿಪಡಿಸಿ, ತೆಗೆದ ಜಾಗಕ್ಕೇ ಮತ್ತೆ ಹಾಕಿದೆ.

ಎಂಜಿನ್ನಿನ ವಿಷಯವೇ ಕೆಲಸದ ಅರ್ಧಭಾಗ. ಪೆಟ್ರೋಲ್ ತುಟ್ಟಿಯಾದ ಕಾಲದಲ್ಲಿ ಮಲೆನಾಡಿನ ಬಹುತೇಕ ಜೀಪುಗಳಿಗೆ ಡೀಸೆಲ್ ಎಂಜಿನ್ ಕೂರಿಸಲಾಯಿತು, ನನ್ನದಕ್ಕೂ ಹಾಗೆಯೇ ಆಗಿತ್ತು. ತೋಟದ ಲೆಕ್ಕಾಚಾರಕ್ಕೆ ಅದು ಸರಿಯಾದ ನಿರ್ಧಾರವೇ, ಆದರೆ ಭಾರವಾದ ಎಂಜಿನ್ನಿನ ಅದುರು ಷಾಸಿಗೆ ಬಿರುಕು ತರುತ್ತದೆ, ಮುಂದಿನ ಸ್ಪ್ರಿಂಗ್ ಪ್ಲೇಟುಗಳು ಕುಸಿಯುತ್ತವೆ, ಮತ್ತು ಟಿ-84 ಎಂಬ ಮೂರು ಗೇರಿನ ಹಗುರ ಗೇರ್‌ಬಾಕ್ಸು ಆ ಒತ್ತಡ ತಡೆಯುವುದಿಲ್ಲ. ಯುದ್ಧಾನಂತರ ಬಂದ ನಾಗರಿಕ ಮಾದರಿ ಸಿಜೆ-2ಎ ಜೀಪಿಗೆ ವಿಲ್ಲಿಸ್ ಕಂಪನಿಯೇ ಹೆಚ್ಚು ಗಟ್ಟಿಯಾದ ಟಿ-90 ಗೇರ್‌ಬಾಕ್ಸನ್ನು ಹಾಕಿತು. ಆದ್ದರಿಂದ ಡೀಸೆಲ್ ಉಳಿಸಿಕೊಂಡು ಉಳಿದದ್ದನ್ನು ಸರಿಪಡಿಸುವ ಯೋಚನೆಯನ್ನು ಬಿಟ್ಟು, ಮೂಲದ ಎಂಜಿನ್ನನ್ನೇ ಹುಡುಕಿದೆ. ಸಿಕ್ಕಿದ್ದು, ಹಿಂದೆ ಒಂದು ತೋಟದಲ್ಲಿ ನೀರೆತ್ತುವ ಪಂಪಿಗೆ ಜೋಡಿಸಿದ್ದ ವಿಲ್ಲಿಸ್ ಎಂಜಿನ್. ಫೋರ್ಡ್ ಷಾಸಿಗೆ ವಿಲ್ಲಿಸ್ ಎಂಜಿನ್ ಹಾಕಿದರೆ ಮೂಲರೂಪ ಹೇಗಾದೀತು ಎಂದು ಕೇಳುವವರಿದ್ದಾರೆ. ಸೇನೆಯ ದುರಸ್ತಿ ಡಿಪೋಗಳಲ್ಲಿ ಯುದ್ಧಕಾಲದಲ್ಲೇ ಹೀಗೆ ಎಂಜಿನ್ನುಗಳು ಅದಲುಬದಲಾಗುತ್ತಿದ್ದವು. ಅದಕ್ಕೆಂದೇ ಅವೆರಡನ್ನೂ ಒಂದೇ ಅಳತೆಯಲ್ಲಿ ಮಾಡಿದ್ದು.

ಈ ಎಂಜಿನ್ನಿಗೆ ನಾಲ್ಕು ಸಿಲಿಂಡರು, 2199 ಸಿಸಿ, 4000 ಸುತ್ತಿನಲ್ಲಿ ಸುಮಾರು 60 ಅಶ್ವಶಕ್ತಿ. ಬೋರ್, ಅಂದರೆ ಸಿಲಿಂಡರಿನ ಅಗಲ, 79 ಮಿಲಿಮೀಟರಿನಷ್ಟಿದ್ದರೆ ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, 111 ಮಿಲಿಮೀಟರ್. ಹೀಗೆ ಸ್ಟ್ರೋಕ್ ಉದ್ದವಿರುವುದರಿಂದಲೇ ಕಡಿಮೆ ಸುತ್ತಿನಲ್ಲೂ ಎಳೆತ ಚೆನ್ನಾಗಿದೆ. ವಾಲ್ವುಗಳು ಹೆಡ್ಡಿನಲ್ಲಿಲ್ಲ, ಬ್ಲಾಕಿನಲ್ಲೇ ಸಿಲಿಂಡರಿನ ಪಕ್ಕದಲ್ಲಿವೆ. ಇಂಥ ಬ್ಲಾಕುಗಳಲ್ಲಿ ವಾಲ್ವ್ ಸೀಟಿಗೂ ಸಿಲಿಂಡರಿಗೂ ನಡುವಿನ ತೆಳುವಾದ ಜಾಗದಲ್ಲಿ ಬಿರುಕು ಬಿಡುವುದು ಸಾಮಾನ್ಯ, ಹಾಗಾಗಿ ಹಣ ಕೊಡುವ ಮೊದಲೇ ಹೆಡ್ಡು ಬಿಚ್ಚಿಸಿ, ಇಂಗಾಲವನ್ನೆಲ್ಲ ಕೆರೆದು ನೋಡಿದ್ದೆ. ಬೋರಿಂಗ್ ಮಾಡಿ ಸ್ಲೀವ್ ಹಾಕಿಸಿದೆವು. 2000ನೇ ಇಸವಿಯಿಂದ ನಮ್ಮ ದೇಶದಲ್ಲಿ ಸೀಸರಹಿತ ಪೆಟ್ರೋಲ್ ಮಾತ್ರ ಸಿಗುವುದರಿಂದ, ಸೀಸದ ರಕ್ಷಣೆಯಿಲ್ಲದೆ ಸೀಟುಗಳು ಬೇಗ ಸವೆಯದಂತೆ, ಎಕ್ಸಾಸ್ಟ್ ವಾಲ್ವುಗಳಿಗೆ ಗಡಸು ಉಕ್ಕಿನ ಸೀಟುಗಳನ್ನು ಕೂರಿಸಿದೆವು. ಮೂಲದಿಂದ ನಾನು ತಿಳಿದೇ ಸರಿದ ಕೆಲವೇ ಜಾಗಗಳಲ್ಲಿ ಇದೊಂದು. ವಾಲ್ವನ್ನು ಎತ್ತುವ ಟ್ಯಾಪೆಟ್ಟಿಗೂ ವಾಲ್ವಿಗೂ ನಡುವಿನ ಅಂತರ, ಎಂಜಿನ್ ತಣ್ಣಗಿರುವಾಗ, 14 ಥೌ, ಅಂದರೆ ಇಂಚಿನ ಸಾವಿರದ 14 ಭಾಗ. ಹಾಸನದ ಹಿರಿಯ ಮೇಸ್ತ್ರಿಯೊಬ್ಬರು ಈ ಕೆಲಸಕ್ಕೆ ಕೈಜೋಡಿಸಿದರು. ಬ್ಲಾಕಿನ ಪಕ್ಕದ ಮುಚ್ಚಳ ತೆಗೆದು ಎರಡು ಪಾನಾಗಳ ನಡುವೆ, ಅಂತರ ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ಹಿಡಿಯುವ ಅವರ ಕೈಚಳಕ ಯಾವ ಕೈಪಿಡಿಯಲ್ಲೂ ಸಿಗುವಂಥದ್ದಲ್ಲ. ಈ ಎಂಜಿನ್ನಿನ ಮುಂದಿನ ಪೀಳಿಗೆಯಾದ ಹರಿಕೇನ್ ಎಂಜಿನ್ನು ಮಹೀಂದ್ರಾ ಜೀಪುಗಳಲ್ಲಿ ದೀರ್ಘಕಾಲ ಬಂದದ್ದು, ಅದರ ಬೋರ್, ಸ್ಟ್ರೋಕ್ ಎರಡೂ ಇದರಷ್ಟೇ ಇರುವುದು ನಮಗೆ ಅನುಕೂಲವಾಯಿತು. ಕ್ರ್ಯಾಂಕಿನ ಬೇರಿಂಗುಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೇ ಸಿಕ್ಕವು.

ವಿದ್ಯುತ್ ವ್ಯವಸ್ಥೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅತಿ ಹೆಚ್ಚು ತಪ್ಪು ಕಲ್ಪನೆಗಳಿರುವುದು ಇಲ್ಲಿ. ಜೀಪು ಮೂಲದಲ್ಲಿ 6 ವೋಲ್ಟಿನದು. ಅದರ ಸೆಲ್ಫ್ (ಎಂಜಿನ್ ತಿರುಗಿಸಿ ಶುರುಮಾಡುವ ಮೋಟಾರು) ಬಲಹೀನ, ಚಳಿಗಾಲದ ಬೆಳಿಗ್ಗೆ ತಿರುಗುವುದಿಲ್ಲ, 12 ವೋಲ್ಟಿಗೆ ಬದಲಾಯಿಸಿ ಎಂದು ಭೇಟಿಯಾದ ಎಲೆಕ್ಟ್ರಿಷಿಯನ್ನರೆಲ್ಲ ಸಲಹೆ ಕೊಟ್ಟರು. ಆದರೆ ಅದೇ ಶಕ್ತಿಗೆ ವೋಲ್ಟೇಜು ಅರ್ಧವಾದಾಗ ಕರೆಂಟು ಇಮ್ಮಡಿಯಾಗಬೇಕು, ಇಮ್ಮಡಿ ಕರೆಂಟು ಸಾಗಲು ಕೇಬಲ್ಲು ದಪ್ಪವಿರಬೇಕು. ಇಂದಿನ ಕಾರಿನ ತೆಳು ಕೇಬಲ್ಲನ್ನು ಹಾಕಿ, ಷಾಸಿಗೆ ಹೋಗುವ ಅರ್ತ್ ಪಟ್ಟಿಯನ್ನು ಪೇಂಟಿನ ಮೇಲೆಯೇ ಬಿಗಿದು, ಆಮೇಲೆ ಸೆಲ್ಫನ್ನು ದೂರುವುದು ನ್ಯಾಯವಲ್ಲ. ವೆಲ್ಡಿಂಗ್ ಮಾಡುವವರು ಬಳಸುವ ದಪ್ಪ ತಾಮ್ರದ ಕೇಬಲ್ಲನ್ನು ಸರಿಯಾದ ಉದ್ದಕ್ಕೆ ಕತ್ತರಿಸಿ, ತುದಿಗಳನ್ನು ಒತ್ತಿ ಬೆಸುಗೆ ಹಾಕಿ, ಅರ್ತ್ ತಾಗುವ ಜಾಗಗಳಲ್ಲಿ ಲೋಹ ಹೊಳೆಯುವಂತೆ ಉಜ್ಜಿ, ಎಂಜಿನ್ನಿನಿಂದ ಷಾಸಿಗೆ ಪ್ರತ್ಯೇಕ ಹೆಣಿಗೆಪಟ್ಟಿ ಕಟ್ಟಿದ ಮೇಲೆ, ನೆಲದಲ್ಲಿರುವ ಸ್ಟಾರ್ಟರ್ ಗುಂಡಿಯನ್ನು ಕಾಲಿನಿಂದ ಒತ್ತಿದರೆ ಡಿಸೆಂಬರಿನ ಮಂಜಿನಲ್ಲೂ ಎಂಜಿನ್ನು ಚುರುಕಾಗಿ ತಿರುಗುತ್ತದೆ.

ಸ್ಟೀರಿಂಗ್ ಅಲುಗಾಟಕ್ಕೂ ಕಾರಣ ಹೀಗೆಯೇ ಸರಳ. ಸ್ಟೀರಿಂಗಿನ ಚಲನೆಯನ್ನು ಮುಂದಿನ ಚಕ್ರಗಳಿಗೆ ದಾಟಿಸುವ ಬೆಲ್‌ಕ್ರ್ಯಾಂಕ್ ಎಂಬ ಸಣ್ಣ ತುಂಡಿನ ಪಿನ್ನು ಸವೆದರೆ ಚಕ್ರಗಳು ತಾವಾಗಿ ನಡುಗತೊಡಗುತ್ತವೆ. ಅದನ್ನು ಬಿಟ್ಟು ಇಡೀ ಸ್ಟೀರಿಂಗ್ ಬಾಕ್ಸನ್ನೇ ಬೇರೆ ವಾಹನದ್ದಕ್ಕೆ ಬದಲಿಸಿರುವ ಜೀಪುಗಳನ್ನು ಕಂಡಿದ್ದೇನೆ. ಲೇತಿನಲ್ಲಿ ಹೊಸ ಪಿನ್ನು, ಹೊಸ ಬುಷ್ ಮಾಡಿಸಿ, ಮುಂದಿನ ಚಕ್ರ ಹೊರಳುವ ಕಿಂಗ್‌ಪಿನ್ನಿನ ಬೇರಿಂಗುಗಳನ್ನು ಶಿಮ್ ಎಂಬ ತೆಳು ತಗಡುಗಳಿಂದ ಬಿಗಿ ಮಾಡಿದ್ದಷ್ಟೇ ನನ್ನ ಜೀಪಿಗೆ ಸಾಕಾಯಿತು.

ಬಾಡಿಯಲ್ಲಿ ತುಕ್ಕು ಎಲ್ಲಿರುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಒಳ್ಳೆಯದು. ನೆಲದ ತಗಡಿಗೆ ಕೆಳಗಿನಿಂದ ಬಲ ಕೊಡುವ ಪಟ್ಟಿಗಳ ಒಳಗೆ ಮರ ತುಂಬಿರುತ್ತಾರೆ. ಮಲೆನಾಡಿನ ಮಳೆಗೆ ಆ ಮರ ನೀರು ಕುಡಿದು, ಸುತ್ತಲಿನ ಉಕ್ಕನ್ನು ಒಳಗಿನಿಂದಲೇ ತಿಂದುಹಾಕುತ್ತದೆ. ಟಿಂಕರಿಂಗ್ ಮಾಡುವವರು ಪಟ್ಟಿಗಳನ್ನು ಹೊಸದಾಗಿ ಮಡಿಸಿ ಕೊಟ್ಟರು, ನಾನು ಎಣ್ಣೆ ಕುಡಿಸಿದ ಸಾಗುವಾನಿ ತುಂಡುಗಳನ್ನು ತುಂಬಿದೆ. ಚಾಲಕನ ಸೀಟಿನ ಕೆಳಗೆ ಪೆಟ್ರೋಲ್ ಟ್ಯಾಂಕು ಕೂರುವ ಗುಂಡಿ ತುಕ್ಕಿನ ಇನ್ನೊಂದು ತವರು. ಅಲ್ಲಿನ ನೀರು ಬಸಿಯುವ ತೂತು ಕಟ್ಟಿಕೊಳ್ಳದಂತೆ ನೋಡಿಕೊಳ್ಳಬೇಕು.

ಬಣ್ಣದ ವಿಷಯದಲ್ಲಿ ಮನಸ್ಸಿಗೆ ಒಪ್ಪಿದ್ದು ಬೇರೆ, ಕಾನೂನು ಒಪ್ಪುವುದು ಬೇರೆ. ಟೂಲ್‌ಬಾಕ್ಸಿನ ಒಳಗೋಡೆಯಲ್ಲಿ ಮೂಲದ ಹೊಳಪಿಲ್ಲದ ಆಲಿವ್ ಬಣ್ಣ ಇನ್ನೂ ಉಳಿದಿತ್ತು. ಆದರೆ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಹಸಿರು ಬಳಿಯುವಂತಿಲ್ಲ. ಹಳೆಯ ವಾಹನವೆಂದು ಯಾರೂ ಕೇಳುವುದಿಲ್ಲ ಎಂದು ಹಲವರು ಹೇಳಿದರೂ, ಸೇನೆಯ ವಾಹನವನ್ನು ಗೌರವದಿಂದ ಉಳಿಸಹೊರಟವರು ಸೇನೆಗೆಂದು ಕಾದಿಟ್ಟ ಬಣ್ಣವನ್ನು ಮೊದಲು ಗೌರವಿಸಬೇಕು. ಅಮೆರಿಕದ ನೌಕಾಪಡೆ ತನ್ನ ಜೀಪುಗಳಿಗೆ ಬೂದು ಬಣ್ಣ ಬಳಿಯುತ್ತಿತ್ತು. ಹೀಗೆ ಇತಿಹಾಸಕ್ಕೂ ನಿಯಮಕ್ಕೂ ಹೊಂದುವ ಆ ಬೂದು ಬಣ್ಣವನ್ನು ಆರಿಸಿಕೊಂಡು, ಟೂಲ್‌ಬಾಕ್ಸಿನ ಒಳಗಿನ ಹಳೆಯ ಬಣ್ಣವನ್ನು ಮುಟ್ಟದೆ ಬಿಟ್ಟೆ.

ಡೀಸೆಲಿನಿಂದ ಪೆಟ್ರೋಲಿಗೆ ಮರಳುವುದೂ ಮಾರ್ಪಾಡೇ ಆದ್ದರಿಂದ ಆರ್‌ಟಿಓ ಕಚೇರಿಯಲ್ಲಿ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. 2021ರಲ್ಲಿ ಬಂದ ನಿಯಮಗಳಂತೆ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಮೈಸೂರು ರಾಜ್ಯದ ಕಾಲದ ಎಂವೈ ಅಕ್ಷರಗಳ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಲೂ ಅವಕಾಶವಿದೆ. ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಅಥವಾ ಬಾಡಿಗೆಗೆ ಬಳಸುವಂತಿಲ್ಲ, ಪ್ರದರ್ಶನ, ರ್‍ಯಾಲಿ, ದುರಸ್ತಿ, ಇಂಧನ ಮುಂತಾದವಕ್ಕೆ ಮಾತ್ರ ರಸ್ತೆಗಿಳಿಸಬೇಕು.

ಓಡಿಸುವ ಬಗ್ಗೆ ಕೆಲವು ಮಾತು. ಡ್ಯಾಶ್‌ಬೋರ್ಡಿನ ಫಲಕ ಟಾಪ್ ಗೇರಿನಲ್ಲಿ ಗಂಟೆಗೆ 65 ಮೈಲಿಯವರೆಗೆ ಅನುಮತಿಸಿದರೂ, ಒಂಬತ್ತು ಇಂಚಿನ ಡ್ರಮ್ ಬ್ರೇಕುಗಳನ್ನು ನೆನೆದು ನಾನು 40 ಮೈಲಿ ದಾಟುವುದಿಲ್ಲ. ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ, ಆದ್ದರಿಂದ ಪೆಟ್ರೋಲ್ ಪಂಪಿನ ಡಯಾಫ್ರಾಮು, ಪೈಪುಗಳು ಎಲ್ಲವನ್ನೂ ಎಥೆನಾಲ್ ತಡೆಯುವ ರಬ್ಬರಿನವಕ್ಕೆ ಬದಲಿಸಿದ್ದೇನೆ. ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕು, ಕಾರ್ಬೊರೇಟರು ಎರಡನ್ನೂ ಖಾಲಿ ಮಾಡುತ್ತೇನೆ. ಮುಂದಿನ ಚಕ್ರಗಳ ಎಳೆತವನ್ನು ಒಣ ಡಾಂಬರಿನ ಮೇಲೆ ಎಂದೂ ಹಾಕುವುದಿಲ್ಲ, ಅದು ಕೆಸರಿಗೆ ಮಾತ್ರ. ಟೈರು ಅಂಗಡಿಗೆ ಹೋದಾಗ ನಾನೇ ಪಕ್ಕದಲ್ಲಿ ನಿಲ್ಲುತ್ತೇನೆ: ಎಡಬದಿಯ ಚಕ್ರಗಳ ನಟ್ಟುಗಳಿಗೆ ಎಡಮುರಿ ಎಳೆಯಿದ್ದು, ತಿಳಿಯದವರು ಬಲವಂತವಾಗಿ ತಿರುಗಿಸಿ ಸ್ಟಡ್ಡು ಮುರಿಯುತ್ತಾರೆ, ಎರಡು ಹೋಳಾಗಿ ಬೋಲ್ಟಿನಿಂದ ಜೋಡಿಸಿದ ಯುದ್ಧಕಾಲದ ಚಕ್ರವಾದರಂತೂ ಗಾಳಿ ಪೂರ್ತಿ ಬಿಡದೆ ಆ ಬೋಲ್ಟುಗಳನ್ನು ಸಡಿಲಿಸಿದರೆ ಪ್ರಾಣಕ್ಕೇ ಅಪಾಯ. ಇಳಿಜಾರಿನಲ್ಲಿ ಪಂಕ್ಚರ್ ಆದರೂ ಎಚ್ಚರಿಕೆ ಬೇಕು, ಏಕೆಂದರೆ ಇದರ ಹ್ಯಾಂಡ್‌ಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ, ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಡ್ರಮ್ಮನ್ನು ಹಿಡಿಯುತ್ತದೆ. ಒಂದು ಹಿಂಚಕ್ರವನ್ನು ಜ್ಯಾಕಿನಿಂದ ಎತ್ತಿದ ಕೂಡಲೇ, ಎರಡು ಹಿಂಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಆ ಚಕ್ರವನ್ನು ಸುಮ್ಮನೆ ತಿರುಗಲು ಬಿಟ್ಟು, ವಾಹನ ಉರುಳತೊಡಗುತ್ತದೆ. ಆದುದರಿಂದ ಸೀಟಿನ ಹಿಂದೆ ಎರಡು ಮರದ ದಿಮ್ಮಿಗಳು ಯಾವಾಗಲೂ ಇರುತ್ತವೆ, ಅವನ್ನು ಚಕ್ರಗಳಿಗೆ ಆನಿಸಿದ ಮೇಲೆಯೇ ಜ್ಯಾಕು ಹೊರಗೆ ಬರುತ್ತದೆ.